ಮೊದಲ ದಿನದ ಓಟ ನಂಬಬೇಡಿ: 800 ಮೀಟರ್‌ಗೆ ಮಕ್ಕಳನ್ನು ನಾನು ಆರಿಸುವ ಕ್ರಮ

ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಮಕ್ಕಳನ್ನೆಲ್ಲ ಗೆರೆಯ ಮೇಲೆ ನಿಲ್ಲಿಸಿ, ಸೀಟಿ ಊದಿ, ಮುಂದೆ ಬಂದ ಐದಾರು ಹೆಸರು ಬರೆದುಕೊಳ್ಳುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಬರೆದುಕೊಂಡವರು ಹುಟ್ಟು ಓಟಗಾರರು, ಉಳಿದವರು ವರ್ಷವಿಡೀ ಚಪ್ಪಾಳೆ ಹೊಡೆಯುವವರು. ಆ ಒಂದು ಓಟದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ದುಡಿದು ಗಳಿಸಿದ್ದೆಷ್ಟು ಎಂದು ಯಾರಿಂದಲೂ ಹೇಳಲಾಗದು. ಹೇಳಬೇಕೆಂದರೆ ಒಂದು ಅಳತೆ ಸಾಲದು, ಮೂರು ಬೇಕು. ನಡುವೆ 12 ವಾರವೂ ಬೇಕು. ಶಿರಸಿ–ಯಲ್ಲಾಪುರ ಕಡೆಯ ಪ್ರೌಢಶಾಲೆ ಮಕ್ಕಳಿಗೆ 800 ಮೀಟರ್ ಕಲಿಸುವಾಗ ನಾನು ಇಟ್ಟುಕೊಂಡ ಕ್ರಮ ಇದು. ಕಾರವಾರ, ಅಂಕೋಲಾ, ಕುಮಟಾ ಕಡೆ ಮರಳಿನ ಮೇಲೆ ಓಡಿಸುವವರಿಗೆ ಬೇಕಾದ ಬದಲಾವಣೆಯನ್ನೂ ಕೊನೆಯ ಹೊತ್ತಿಗೆ ಬರೆದಿದ್ದೇನೆ.

ಗ್ರೌಂಡಿನಿಂದಲೇ ಶುರು ಮಾಡಬೇಕು. ಅಳತೆಯೇ ಸುಳ್ಳಾದರೆ ಪ್ರತಿಭೆಯ ಚರ್ಚೆಗೆ ಬುಡವೇ ಇಲ್ಲ. ನಮ್ಮ ಮಲೆನಾಡ ಶಾಲೆಗಳಲ್ಲಿ 400 ಮೀಟರ್ ಟ್ರ್ಯಾಕಿಗೆ ಜಾಗ ಸಿಗುವುದು ಅಪರೂಪ, 200 ಮೀಟರ್ ಸಿಕ್ಕರೆ ದೊಡ್ಡದು. ಎರಡು ನೇರ ಬದಿ 40 ಮೀಟರ್‌ನವು ಎಂದಿಟ್ಟುಕೊಂಡರೆ ಎರಡು ತಿರುವಿಗೆ ಉಳಿಯುವುದು 120 ಮೀಟರ್. ಅದನ್ನು 6.2832ರಿಂದ ಭಾಗಿಸಿದರೆ ಆರ್‌ಡಿಆರ್, ಅಂದರೆ ಮಗು ನಿಜವಾಗಿ ಓಡುವ ದಾರಿಯ ತ್ರಿಜ್ಯ, 19.10 ಮೀಟರ್. ಒಳಗಡೆ ಕಟ್ಟೆ ಇಲ್ಲದೆ ಬರೀ ಗೆರೆ ಎಳೆಯುವುದಾದರೆ ಅದರಲ್ಲಿ 20 ಸೆಂಟಿಮೀಟರ್ ಕಳೆಯಬೇಕು. ಗೆರೆ ಎಳೆಯುವ ತ್ರಿಜ್ಯ, ಎಂಡಿಆರ್, 18.90 ಮೀಟರ್ ಆಗುತ್ತದೆ. ನಾಲ್ಕು ಲೇನ್ ಹಾಕಬೇಕೆಂದರೆ ಸುಮಾರು 88 ಮೀಟರ್ ಉದ್ದ, 48 ಮೀಟರ್ ಅಗಲ ಬೇಕು. 800 ಮೀಟರ್ ಅಭ್ಯಾಸಕ್ಕೆ ಒಳಗಿನ ಒಂದೇ ಗೆರೆ ಧಾರಾಳ ಸಾಕು.

ತಪ್ಪು ಆಗುವುದು ಹಗ್ಗದಲ್ಲಿ. ಗೂಟಕ್ಕೆ ಸುತಲಿ ಕಟ್ಟಿ ಅರ್ಧ ವೃತ್ತ ಸುತ್ತುತ್ತೇವೆ. ನಾರಿನ ಹಗ್ಗ ಮಳೆಯಲ್ಲಿ ನೆನೆದರೆ ಕುಗ್ಗುತ್ತದೆ, ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ. ತ್ರಿಜ್ಯ 30 ಸೆಂಟಿಮೀಟರ್ ಕಡಿಮೆಯಾದರೆ ಒಂದು ಸುತ್ತಿಗೆ 1.88 ಮೀಟರ್ ಕಡಿಮೆ, ನಾಲ್ಕು ಸುತ್ತಿಗೆ 7.5 ಮೀಟರ್. 2 ನಿಮಿಷ 40 ಸೆಕೆಂಡಿನಲ್ಲಿ 800 ಓಡುವ ಮಗು ಸೆಕೆಂಡಿಗೆ 5 ಮೀಟರ್ ಹೋಗುತ್ತದೆ. ಅಂದರೆ ಒಂದೂವರೆ ಸೆಕೆಂಡು ಪುಕ್ಕಟೆಯಾಗಿ ಬಂತು. ಜೂನ್‌ನಲ್ಲಿ ಒಣ ಹಗ್ಗ, ಆಗಸ್ಟ್‌ನಲ್ಲಿ ಒದ್ದೆ ಹಗ್ಗ ಹಿಡಿದು ಗೆರೆ ಎಳೆದರೆ ಇಡೀ ತರಗತಿಯೇ ಸುಧಾರಿಸಿದ ಹಾಗೆ ಕಾಣುತ್ತದೆ. ಅದಕ್ಕೇ ನಾನು ತೆಳು ಜಿಐ ತಂತಿ ಉಪಯೋಗಿಸುತ್ತೇನೆ. ಒಂದು ತುದಿಗೆ ಬಳೆ, ಇನ್ನೊಂದು ತುದಿಗೆ ಮೊಳೆ, ಎರಡರ ನಡುವೆ ಟೇಪಿನಿಂದ ಅಳೆದ 18.90. ವರ್ಷಗಟ್ಟಲೆ ಬರುತ್ತದೆ. ಎರಡೂ ಕೇಂದ್ರಗಳಲ್ಲಿ ಕಬ್ಬಿಣದ ಸರಳನ್ನು ನೆಲಮಟ್ಟಕ್ಕೆ ಹೊಡೆದು ಬಿಟ್ಟರೆ ಪ್ರತಿ ಸಲ ಹುಡುಕಾಡುವುದೂ ತಪ್ಪುತ್ತದೆ. ಸುಣ್ಣದ ಗೆರೆ ನಮ್ಮ ಮಳೆಗೆ ಒಂದು ದಿನವೂ ಉಳಿಯುವುದಿಲ್ಲ, ಅದರಲ್ಲೂ ಅರಳದ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ತಿರುವಿನುದ್ದಕ್ಕೂ ಎರಡು ಮೀಟರ್‌ಗೊಂದು ಗಿಡ್ಡ ಗೂಟ ಹೊಡೆಯುವುದು ಮೇಲು.

ಸ್ಟಾಪ್‌ವಾಚ್ ಎರಡು ಇರಲಿ, ಹಿಡಿಯುವವರು ಪ್ರತಿ ಸಲವೂ ಅವರೇ ಇರಲಿ. ಕೈಗಡಿಯಾರದ ಸಮಯವನ್ನು ಮೇಲಿನ ಹತ್ತನೇ ಒಂದಕ್ಕೆ ಏರಿಸುವುದು ನಿಯಮ; 2:31.43 ಬಂದರೆ 2:31.5 ಎಂದು ಬರೆಯಬೇಕು. 800 ಮೀಟರ್‌ನಲ್ಲಿ ಒಂದು ಸೆಕೆಂಡಿನೊಳಗಿನ ವ್ಯತ್ಯಾಸವನ್ನು ನಾನು ಸುಧಾರಣೆ ಎಂದು ಕರೆಯುವುದಿಲ್ಲ. ನೆಲ ಒದ್ದೆಯೋ ಒಣಗಿದೆಯೋ ಎಂಬುದನ್ನು ಪಕ್ಕದಲ್ಲಿ ಬರೆಯುತ್ತೇನೆ.

ಇನ್ನು ಮೊದಲ ಓಟ. ಮಗು ಮೊದಲ ಸಲ 800 ಓಡುವಾಗ ಅಳತೆಯಾಗುವುದು ಅದರ ಶಕ್ತಿಗಿಂತ ಅದರ ಗಾಬರಿ. ಮೊದಲ ಸುತ್ತು 35 ಸೆಕೆಂಡು, ಎರಡನೆಯದು 42, ಮೂರನೆಯದು 48, ಕೊನೆಯದು 55: ಒಟ್ಟು 3 ನಿಮಿಷ. ಇಂಥ ಮಗುವಿಗೆ ದಮ್ಮಿಲ್ಲ ಎಂದು ಬರೆಯುವುದು ಸುಲಭ. ಆದರೆ ಅದಕ್ಕೆ ಬಾರದೇ ಇರುವುದು ವೇಗ ಹಂಚುವ ಲೆಕ್ಕ, ಅದು ಕಲಿಸಿದರೆ ಎರಡು ವಾರದಲ್ಲಿ ಬರುವಂಥದ್ದು. ಆದ್ದರಿಂದ ಮೊದಲ ಓಟದ ಸಮಯವನ್ನು ಬರೆದುಕೊಳ್ಳುತ್ತೇನೆ, ತೀರ್ಪಿಗೆ ಬಳಸುವುದಿಲ್ಲ.

ವೇಗ ಹಂಚುವುದನ್ನು ಕಲಿಸಲು ಒಂದು ಸೀಟಿ, ಒಂದಿಷ್ಟು ತೆಂಗಿನ ಕರಟ ಸಾಕು. ಸೀಟಿ ಸದಾ ಐದು ಸೆಕೆಂಡಿಗೊಮ್ಮೆ. ಒಂದು ಸುತ್ತಿಗೆ ಎಷ್ಟು ಸೆಕೆಂಡು ಬೇಕೋ ಅದನ್ನು ಐದರಿಂದ ಭಾಗಿಸಿ, ಅಷ್ಟು ಕರಟಗಳನ್ನು ಸುತ್ತಲೂ ಸಮ ದೂರದಲ್ಲಿ ಬೋರಲು ಇಡಬೇಕು. ಸುತ್ತಿಗೆ 40 ಸೆಕೆಂಡು ಅಂದರೆ 8 ಕರಟ, 25 ಮೀಟರ್‌ಗೊಂದು. 45 ಸೆಕೆಂಡಿಗೆ 9 ಕರಟ, 22.2 ಮೀಟರ್‌ಗೊಂದು. 50ಕ್ಕೆ 10 ಕರಟ, 20 ಮೀಟರ್‌ಗೊಂದು. ಸೀಟಿ ಕೇಳಿದಾಗ ಮಗು ಕರಟದ ಪಕ್ಕದಲ್ಲಿರಬೇಕು. ಮುಂದೆ ಹೋಗಿದ್ದರೆ ನಿಧಾನ ಮಾಡಬೇಕು. ಮೊದಲ ಸುತ್ತಿನಲ್ಲಿ ನಿಧಾನ ಮಾಡು ಎನ್ನುವುದೇ ಮಕ್ಕಳಿಗೆ ಅತಿ ಕಷ್ಟದ ಪಾಠ. ಪಕ್ಕದವನು ಮುಂದೆ ಓಡಿದ ಕೂಡಲೇ ಕರಟ, ಸೀಟಿ ಎರಡೂ ಮರೆತುಹೋಗುತ್ತವೆ. ಅದಕ್ಕೆ ಮೊದಲ ನಾಲ್ಕು ಪಾಠದಲ್ಲಿ ಒಬ್ಬೊಬ್ಬರನ್ನೇ ಓಡಿಸುತ್ತೇನೆ, ಎರಡು ಸುತ್ತು ಮಾತ್ರ. ಆಮೇಲೆ ಮೂವರು, ಆಮೇಲೆ ಸೀಟಿಯನ್ನು ಎರಡನೇ ಸುತ್ತಿನಲ್ಲಿ ನಿಲ್ಲಿಸಿಬಿಡುತ್ತೇನೆ. ಸೀಟಿಯಿಲ್ಲದೆಯೂ ನಾಲ್ಕು ಸುತ್ತುಗಳ ನಡುವಿನ ವ್ಯತ್ಯಾಸ ಮೂರು ಸೆಕೆಂಡಿನ ಒಳಗೆ ಬಂದ ಮೇಲೆ ಎರಡನೇ ಅಳತೆ. ನನ್ನ ಲೆಕ್ಕದಲ್ಲಿ ಆ ಮಗುವಿನ ನಿಜವಾದ ಆರಂಭ ಇದು.

ಈ ಎರಡು ಅಳತೆಗಳ ನಡುವೆ ಪಟ್ಟಿ ತಲೆಕೆಳಗಾಗುತ್ತದೆ. ಮೊದಲ ದಿನ ಮುಂದಿದ್ದವರಲ್ಲಿ ಕೆಲವರು ಕೆಳಗಿಳಿಯುತ್ತಾರೆ. ಅವರ ಹತ್ತಿರ ಇದ್ದದ್ದು ಧೈರ್ಯ, ಆಟೋಟದ ಅನುಭವ, ಅಷ್ಟೆ. ಅದೂ ಸಣ್ಣ ಆಸ್ತಿಯಲ್ಲ, ಆದರೆ ಅದಕ್ಕೆ ಹುಟ್ಟು ಪ್ರತಿಭೆ ಎನ್ನುವ ಹೆಸರು ಸಲ್ಲದು.

ಸಮಯ ಬರೆದುಕೊಳ್ಳುವ ಪುಸ್ತಕದ ಅದೇ ಪುಟದಲ್ಲಿ ಇನ್ನೊಂದು ಕಲಂ ಇಟ್ಟಿದ್ದೇನೆ: ಲೆಕ್ಕಕ್ಕೆ ಬಾರದ ದುಡಿಮೆ. ಮಗು ಶಾಲೆಗೆ ಹೇಗೆ ಬರುತ್ತದೆ, ಎಷ್ಟು ದೂರ, ಮನೆಯಲ್ಲಿ ಏನು ಕೆಲಸ. ಕಾನಿನ ದಾರಿಯಲ್ಲಿ 4 ಕಿಲೋಮೀಟರ್ ನಡೆದು ಬರುವ ಮಗು ಹೋಗಿ ಬರುವುದಕ್ಕೆ ದಿನಕ್ಕೆ 8, ಆರು ದಿನಕ್ಕೆ 48 ಕಿಲೋಮೀಟರ್ ನಡೆಯುತ್ತದೆ. ಗಂಟೆಗೆ 5 ಕಿಲೋಮೀಟರ್ ಲೆಕ್ಕ ಹಿಡಿದರೂ ವಾರಕ್ಕೆ ಒಂಬತ್ತೂವರೆ ಗಂಟೆ. ಅಪ್ಪನ ಸ್ಕೂಟರಿನಲ್ಲಿ ಬಂದು ಇಳಿಯುವ ಮಗುವಿನ ಪಕ್ಕ ಇದನ್ನು ನಿಲ್ಲಿಸಿ ಓಡಿಸಿದರೆ ಗೆಲ್ಲುವುದು ಯಾರೆಂದು ಬೇರೆ ಹೇಳಬೇಕಿಲ್ಲ. ಗೆದ್ದ ಮೇಲೆ ನಾವು "ಅವನಿಗೆ ದೇವರು ಕೊಟ್ಟ ಕಾಲು" ಎನ್ನುತ್ತೇವೆ. ದೇವರು ಕೊಟ್ಟಿರಲೂಬಹುದು, ಆದರೆ ಐದಾರು ವರ್ಷ ದಿನಾ 8 ಕಿಲೋಮೀಟರ್ ನಡೆದದ್ದು ಯಾರ ಲೆಕ್ಕಕ್ಕೆ? ಸ್ಕೂಟರಿನ ಮಗುವಿನ ಮನೆಯವರು "ನಮ್ಮ ಮಾಣಿಗೆ ಓಟ ಬತ್ತಿಲ್ಲೆ ಸರ್" ಎನ್ನುವುದಕ್ಕೂ ಇದೇ ಉತ್ತರ. ಬರುತ್ತದೋ ಇಲ್ಲವೋ ಎಂದು ಇನ್ನೂ ಯಾರೂ ನೋಡಿಯೇ ಇಲ್ಲ.

ಮತ್ತೊಂದು ಮೋಸ ಎತ್ತರದ್ದು. ಹುಡುಗಿಯರು ಸರಾಸರಿ 12ರ ಸುಮಾರಿಗೆ, ಹುಡುಗರು 14ರ ಸುಮಾರಿಗೆ ಅತಿ ವೇಗವಾಗಿ ಬೆಳೆಯುತ್ತಾರೆ. ಕೆಲವರಿಗೆ ಅದು ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡ. ಎಂಟನೇ ತರಗತಿಯಲ್ಲಿ ಮೀಸೆ ಚಿಗುರಿದ ಹುಡುಗನೂ ಇನ್ನೂ ಮಗುವಿನ ದನಿಯ ಹುಡುಗನೂ ಒಂದೇ ವಯೋಮಿತಿಯಲ್ಲಿ ಓಡುತ್ತಾರೆ. ಬೇಗ ಬೆಳೆದವನು ಇವತ್ತು ಗೆಲ್ಲುತ್ತಾನೆ, ಹತ್ತನೇ ತರಗತಿಗೆ ಬರುವಾಗ ಉಳಿದವರು ಅವನನ್ನು ಹಿಡಿಯುತ್ತಾರೆ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುವುದು ಇದಕ್ಕಾಗಿಯೇ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ಅಥವಾ ಹೆಚ್ಚು ಏರಿದರೆ ಮಗು ಜಿಗಿತದ ಬೆಳವಣಿಗೆಯಲ್ಲಿದೆ ಎಂದು ಗುರುತು ಹಾಕುತ್ತೇನೆ. ಆ ಅವಧಿಯಲ್ಲಿ ಮೊಣಕಾಲಿನ ಚಿಪ್ಪಿನ ಕೆಳಗಿನ ಗಂಟು ಅಥವಾ ಹಿಮ್ಮಡಿ ನೋಯುವುದು ಸಾಮಾನ್ಯ. ಎಳೆಯ ಎಲುಬಿಗೆ ಸ್ನಾಯು ಅಂಟಿಕೊಂಡ ಜಾಗ ಎಳೆತ ತಾಳುವುದಿಲ್ಲ. ಆಗ ಏರು ಓಟ, ಜಿಗಿತ ಎರಡನ್ನೂ ಬಿಡಿಸಿ ಬರೀ ಹಗುರ ಓಟ. ನೋವು ನುಂಗಿ ಓಡು ಎನ್ನುವುದು ಪರಿಶ್ರಮದ ಪಾಠ ಆಗುವುದಿಲ್ಲ.

ಎರಡನೇ ಅಳತೆಯ ನಂತರ 12 ವಾರ. ಇಲ್ಲಿ ಪರಿಶ್ರಮ ಎನ್ನುವ ಮಾತನ್ನು ಬಿಡಿಸಿ ನೋಡಬೇಕು. ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ದಿನಾ ಒಂದೇ ಥರ ಓಡುತ್ತಾರೆ: ಏದುಸಿರು ಬರುವಷ್ಟು ಜೋರು, ರೇಸಿಗೆ ಸಾಲದಷ್ಟು ನಿಧಾನ. ನಾಲ್ಕು ವಾರ ಸುಧಾರಣೆ ಕಾಣುತ್ತದೆ, ಆಮೇಲೆ ನಿಂತುಬಿಡುತ್ತದೆ. ನಿಂತಾಗ ಮಗು ಇನ್ನೂ ಹೆಚ್ಚು ಕಷ್ಟಪಡುತ್ತದೆ, ಮೇಷ್ಟ್ರು "ಇವನಲ್ಲಿ ಇಷ್ಟೇ ಇದ್ದದ್ದು" ಎನ್ನುತ್ತಾರೆ. ನಾನು ಹಾಕುವ ವಾರ ಹೀಗಿದೆ. ಸೋಮವಾರ 20 ನಿಮಿಷ ಹಗುರ ಓಟ. ಮಂಗಳವಾರ 200 ಮೀಟರ್ ಆರು ಸಲ, ಗುರಿಯಿಟ್ಟ 800ರ ವೇಗದಲ್ಲಿ, ಪ್ರತಿ ಓಟದ ನಂತರ ಎರಡು ನಿಮಿಷ ನಡಿಗೆ. ಗುರಿ 2:40 ಆದರೆ ಪ್ರತಿ 200ಕ್ಕೆ 40 ಸೆಕೆಂಡು, 36 ಬೇಡ. ಬುಧವಾರ ಓಟ ಇಲ್ಲ, ಖೋಖೋ ಅಥವಾ ಕಬಡ್ಡಿ. ಗುರುವಾರ ಏರು: 10 ಮೀಟರ್‌ಗೆ ಒಂದು ಮೀಟರ್‌ನಷ್ಟು ಏರುವ ದಾರಿಯಲ್ಲಿ 60 ಮೀಟರ್, ಎಂಟು ಸಲ, ಇಳಿಯುವುದು ನಡಿಗೆಯಲ್ಲಿ. ಶುಕ್ರವಾರ ವಿಶ್ರಾಂತಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ 25 ನಿಮಿಷ ಹಗುರ ಓಟ, ಕೊನೆಗೆ 80 ಮೀಟರ್ ನಾಲ್ಕು ಸಲ, ಮೈ ಬಿಗಿಯದೆ ಚುರುಕಾಗಿ. ಹಗುರ ಓಟದ ಸಮಯ ವಾರಕ್ಕೆ ಎರಡು ಮೂರು ನಿಮಿಷದಂತೆ ಏರಿ 35–40ಕ್ಕೆ ನಿಲ್ಲುತ್ತದೆ. ಮಂಗಳವಾರದ ಆರು ಸಲ ಎಂಟಾಗುತ್ತದೆ, ನಡಿಗೆ ಒಂದೂವರೆ ನಿಮಿಷಕ್ಕೆ ಇಳಿಯುತ್ತದೆ. ಪ್ರತಿ ನಾಲ್ಕನೇ ವಾರ ಎಲ್ಲದರಲ್ಲೂ ಮೂರನೇ ಒಂದು ಪಾಲು ಕಡಿತ.

ಎಡವುವುದೆಲ್ಲ ಹಗುರ ಓಟದಲ್ಲಿ. ಹಗುರ ಅಂದರೆ ಎಷ್ಟು ಹಗುರ ಎಂದು ಮಗುವಿಗೆ ತಿಳಿಯುವುದಿಲ್ಲ. ಓಟ ನಿಲ್ಲಿಸಿದ ಕೂಡಲೇ ಕುತ್ತಿಗೆಯ ನಾಡಿ 10 ಸೆಕೆಂಡು ಎಣಿಸಿದರೆ 23ರಿಂದ 26 ಬರಬೇಕು. 28 ದಾಟಿದರೆ ಅದು ಹಗುರವಲ್ಲ. ಎಣಿಸಲು ಬಾರದವರಿಗೆ ಓಡುತ್ತಲೇ ಮಗ್ಗಿ ಹೇಳಿಸುತ್ತೇನೆ. ಒಂದು ಸಾಲನ್ನು ತುಂಡು ಮಾಡದೆ ಹೇಳಲು ಆದರೆ ಸರಿ. ಮಗ್ಗಿ ಎರಡರದ್ದೇ ಇರಲಿ. ಹದಿಮೂರರದ್ದು ಕೇಳಿದರೆ ನಿಂತದ್ದು ಉಸಿರಿಗೋ ಗಣಿತಕ್ಕೋ ಗೊತ್ತಾಗುವುದಿಲ್ಲ.

ಜೂನ್ ಮೊದಲ ವಾರ ಶುರು ಮಾಡಿದರೆ ಕಲಿಕೆಯ ಎರಡು ವಾರ, ಆಮೇಲಿನ 12 ವಾರ ಸೇರಿ ಸೆಪ್ಟೆಂಬರ್ ಬರುತ್ತದೆ. ವಲಯ, ತಾಲೂಕು ಮಟ್ಟದ ಆಟಗಳೂ ಹೆಚ್ಚಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲೇ. ಅಂದರೆ ಇಡೀ ತರಬೇತಿ ಸುರಿಯುವ ಮಳೆಯಲ್ಲಿ. ಮೇಲಿನ ವಾರದ ಪಟ್ಟಿ ಆಷಾಢದ ಮಳೆಗೆ ಪೂರ್ತಿ ನಡೆಯುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಬದಲಿ ಇಟ್ಟುಕೊಳ್ಳಬೇಕು. ಶಾಲೆಯ ಜಗಲಿಯ 30 ಸೆಂಟಿಮೀಟರ್ ಮೆಟ್ಟಿಲಿನ ಮೇಲೆ ಹತ್ತಿ ಇಳಿಯುವುದು 40 ಸೆಕೆಂಡು, ಬಿಡುವು ಒಂದೂವರೆ ನಿಮಿಷ, ಎಂಟು ಸಲ. ಮಂಗಳವಾರಕ್ಕೆ ಇದು ಒಪ್ಪುವ ಬದಲಿ. ಹಗ್ಗದಾಟ 30 ಸೆಕೆಂಡು ಆಡಿ 30 ಸೆಕೆಂಡು ಬಿಟ್ಟು 15 ನಿಮಿಷ ಮಾಡಿದರೆ ಹಗುರ ಓಟದ ಜಾಗಕ್ಕೆ ನಡೆಯುತ್ತದೆ. ಮೆಟ್ಟಿಲು ಪಾಚಿಗಟ್ಟಿದ್ದರೆ ಮೊದಲು ತಿಕ್ಕಿಸಿ. ಹೆದ್ದಾರಿಯ ಬದಿ ಓಡಿಸಬೇಡಿ, ಮಳೆಯಲ್ಲಿ ತಿರುವಿನ ಲಾರಿಗೆ ಮಕ್ಕಳು ಕಾಣುವುದಿಲ್ಲ. ನೆನೆದ ಶೂ ಬಚ್ಚಲ ಒಲೆಯ ಪಕ್ಕ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ, ಎರಡು ಸಲ ಬದಲಿಸಿದರೆ ಬೆಳಗಿಗೆ ಹಾಕುವಷ್ಟು ಒಣಗುತ್ತದೆ. ಉಂಬಳಕ್ಕೆ ಕಾಲಿಗೆ ಸುಣ್ಣವೋ ಉಪ್ಪೋ ಸವರಿಕೊಂಡೇ ಬರುತ್ತಾರೆ ಮಕ್ಕಳು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಮುಂದುವರಿಸುವವರಿಗೆ ಒಂದು ಎಚ್ಚರಿಕೆ: ಸಿದ್ದಾಪುರ ಕಡೆ ಮಂಗನ ಕಾಯಿಲೆಯ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಮೇವರೆಗೆ, ದರಕು, ಅಂದರೆ ಒಣ ಎಲೆ, ಬಿದ್ದ ಕಾಡುದಾರಿಯಲ್ಲಿ ಏರು ಓಟ ಬೇಡ. ಆ ಕಾಯಿಲೆ ಹರಡುವ ಉಣುಗು ಹತ್ತುವುದು ಅಲ್ಲಿಯೇ.

ಆರನೇ ವಾರಕ್ಕೆ ಒಮ್ಮೆ ನಡು ಪರೀಕ್ಷೆ. ಇಲ್ಲಿ ಸಮಯ ಕದಲದೇ ಇರುವ ಮಕ್ಕಳು ಇದ್ದೇ ಇರುತ್ತಾರೆ. ಅವರ ಮೇಲೆ ತೀರ್ಪು ಕೊಡುವ ಮೊದಲು ನಾನು ನಾಲ್ಕು ಸಂಗತಿ ನೋಡುತ್ತೇನೆ, ಅದೂ ಇದೇ ಅನುಕ್ರಮದಲ್ಲಿ. ಮೊದಲು ಹಾಜರಿ: 12 ವಾರದ ಪಟ್ಟಿಯಲ್ಲಿ ವಾರಕ್ಕೆ ಎರಡೇ ದಿನ ಬಂದಿದ್ದರೆ ಉತ್ತರ ಅಲ್ಲೇ ಇದೆ. ಎರಡನೆಯದು ನಿದ್ದೆ. ಹತ್ತು ಗಂಟೆಗೆ ಮಲಗಿ ಐದಕ್ಕೆ ಎದ್ದು ಹಾಲು ಕೊಟ್ಟು ಬರುವ ಮಗುವಿಗೆ ಮೂರನೇ ಕಠಿಣ ದಿನ ಹಾಕುವುದು ತಪ್ಪು. ಮೂರನೆಯದು ಹೊಟ್ಟೆ. ಬೆಳಿಗ್ಗೆ ಒಂದು ಲೋಟ ಚಹಾ, ಎರಡು ಬಿಸ್ಕೀಟು, ಮಧ್ಯಾಹ್ನದ ಬಿಸಿಯೂಟ, ಸಂಜೆ ನಾಲ್ಕೂವರೆಗೆ ಓಟ: ಇದು ನಡೆಯುವುದಿಲ್ಲ. ಬೆಳಗಿನ ಗಂಜಿ ಅಥವಾ ದೋಸೆ, ಶಾಲೆಯಲ್ಲಿ ಕೊಡುವ ಮೊಟ್ಟೆ ಇಲ್ಲವೇ ಬಾಳೆಹಣ್ಣು, ಓಟದ ನಂತರ ಮನೆಗೆ ಹೋಗಿ ಕೂಡಲೇ ಊಟ. ಇಷ್ಟು ಸರಿಮಾಡಿದರೆ ಸಾಕಷ್ಟು ಮಕ್ಕಳು ಕದಲುತ್ತಾರೆ.

ನಾಲ್ಕನೆಯದು ರಕ್ತ. ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಮುಟ್ಟು ಶುರುವಾದ ಮೇಲೆ. ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ರಕ್ತ ಆಮ್ಲಜನಕ ಹೊರದಿದ್ದರೆ 800 ಮೀಟರ್‌ನ ಮೂರನೇ ಸುತ್ತು ಹೇಗೆ ಬಂದೀತು? ಹೊರಗಿನಿಂದ ನೋಡಿದರೆ ಇದು ಸೋಮಾರಿತನದ ಹಾಗೇ ಕಾಣುತ್ತದೆ: ಮಗು ಮೊದಲ ಸುತ್ತು ಚೆನ್ನಾಗಿ ಓಡಿ, ಆಮೇಲೆ ಮುಖ ಬಿಳಿಚಿಕೊಂಡು ನಡೆಯತೊಡಗುತ್ತದೆ. ಬೈದರೆ ಸುಮ್ಮನೆ ನಿಲ್ಲುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ಪರೀಕ್ಷೆ ಮಾಡಿಸಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಷ್ಟೋ ಮಕ್ಕಳು ಕಿಟಕಿಯಿಂದ ಹೊರಗೆ ಹಾಕುತ್ತಾರೆ, ಹೊಟ್ಟೆ ತೊಳಸುತ್ತದೆ ಎಂದು. ಊಟದ ನಂತರ ತೆಗೆದುಕೊಂಡರೆ ತೊಳಸುವುದು ಕಡಿಮೆ. ಆದರೆ ಮಾತ್ರೆಯ ಹಿಂದೆಯೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಲಿಂಬು ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ರಕ್ತ ಸರಿಯಾಗಲು ಎರಡು ಮೂರು ತಿಂಗಳು ಬೇಕು, ಆದ್ದರಿಂದ ಇಂಥ ಮಗುವಿನ 12 ವಾರದ ಲೆಕ್ಕ ಅಲ್ಲಿಂದ ಹೊಸದಾಗಿ ಶುರು.

ಇದೆಲ್ಲ ಸರಿಯಿದ್ದೂ ಒಬ್ಬರು ಹೆಚ್ಚು, ಒಬ್ಬರು ಕಡಿಮೆ ಸುಧಾರಿಸುತ್ತಾರೆ. ಹುಟ್ಟುಗುಣಕ್ಕೆ ಜಾಗವೇ ಇಲ್ಲ ಎನ್ನುವವರು ಈ ವ್ಯತ್ಯಾಸವನ್ನು ನೋಡುವುದಿಲ್ಲ. 1999ರಲ್ಲಿ ಫಲಿತಾಂಶ ಬಂದ ಹೆರಿಟೇಜ್ ಅಧ್ಯಯನದಲ್ಲಿ 98 ಕುಟುಂಬಗಳ 481 ಮಂದಿಗೆ ಒಂದೇ ಥರದ ಸೈಕಲ್ ವ್ಯಾಯಾಮವನ್ನು 20 ವಾರ ಮಾಡಿಸಿದರು. ದೇಹ ಬಳಸಬಲ್ಲ ಆಮ್ಲಜನಕ ಸರಾಸರಿಯಲ್ಲಿ ನಿಮಿಷಕ್ಕೆ 400 ಮಿಲಿಲೀಟರ್ ಹೆಚ್ಚಿತು. ಆದರೆ ಕೆಲವರಲ್ಲಿ ಏನೂ ಹೆಚ್ಚಲಿಲ್ಲ, ಕೆಲವರಲ್ಲಿ ಒಂದು ಲೀಟರ್ ದಾಟಿತು. ಒಂದೇ ಮನೆಯವರ ಸುಧಾರಣೆ ಬೇರೆ ಮನೆಯವರದಕ್ಕಿಂತ ಹೆಚ್ಚು ಹತ್ತಿರ ಹತ್ತಿರ ಇತ್ತು. ವ್ಯತ್ಯಾಸದಲ್ಲಿ 47 ಪ್ರತಿಶತದವರೆಗೆ ವಂಶದ ಪಾಲು ಎಂದು ಲೆಕ್ಕ ಬಂತು. ಹಾಗೆಂದು "ನನ್ನಲ್ಲಿ ಇಲ್ಲ" ಎಂದು ಕೂರುವ ಹಾಗಿಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 78 ವಯಸ್ಕರನ್ನು ವಾರಕ್ಕೆ ಒಂದರಿಂದ ಐದು ಗಂಟೆವರೆಗಿನ ಗುಂಪು ಮಾಡಿ ಆರು ವಾರ ವ್ಯಾಯಾಮ ಮಾಡಿಸಿದರು. ವಾರಕ್ಕೆ ಒಂದು ಗಂಟೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸುಧಾರಿಸಲಿಲ್ಲ, ನಾಲ್ಕೈದು ಗಂಟೆಯವರಲ್ಲಿ ಸುಧಾರಿಸದವರು ಒಬ್ಬರೂ ಇಲ್ಲ. ಸುಧಾರಿಸದವರಿಗೆ ಇನ್ನೆರಡು ಗಂಟೆ ಸೇರಿಸಿ ಮತ್ತೆ ಆರು ವಾರ ಮಾಡಿಸಿದಾಗ ಅವರೂ ಕದಲಿದರು. ನಮ್ಮ ಕೆಲಸಕ್ಕೆ ಇದರ ಅರ್ಥ ಇಷ್ಟು: ಆರನೇ ವಾರದಲ್ಲಿ ಕದಲದ ಮಗುವಿಗೆ ಮೊದಲು ಬುಧವಾರ ಅಥವಾ ಶುಕ್ರವಾರ 25 ನಿಮಿಷದ ಇನ್ನೊಂದು ಹಗುರ ಓಟ ಸೇರಿಸಿ. ಮಂಗಳವಾರವನ್ನು ಇನ್ನಷ್ಟು ಜೋರು ಮಾಡಬೇಡಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಈ ಚರ್ಚೆ ಆಫ್ರಿಕ ಮೂಲದ ಸಿದ್ದಿ ಸಮುದಾಯದ ಮಕ್ಕಳ ವಿಷಯಕ್ಕೆ ಬಂದೇ ಬರುತ್ತದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಅದರ ಹಿಂದಿದ್ದ ಊಹೆ ಆಫ್ರಿಕದ ರಕ್ತ ಓಡುತ್ತದೆ ಎಂಬುದು. ಕೆಲವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು, ಕೆಲವೇ ವರ್ಷಗಳಲ್ಲಿ ಸಿದ್ದಿ ಮಕ್ಕಳ ಆ ತರಬೇತಿ ನಿಂತಿತು. ಊಹೆಯೇ ಒರಟು. ಆಫ್ರಿಕ ಒಂದು ಖಂಡ. ದೂರದ ಓಟದಲ್ಲಿ ಗೆಲ್ಲುವ ಕೀನ್ಯಾದವರಲ್ಲಿ ಬಹುಪಾಲು 2,000 ಮೀಟರ್‌ಗಿಂತ ಎತ್ತರದ ಬೆಟ್ಟನಾಡಿನ ಕಲೆಂಜಿನ್ ಜನ. ಸಿದ್ದಿಗಳ ಪೂರ್ವಜರು ಹೆಚ್ಚಾಗಿ ಬಂಟು ಭಾಷೆಯ ಜನ, ನಮ್ಮ ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್. ಈ ಊಹೆಯಿಂದ ಗ್ರೌಂಡಿನಲ್ಲಿ ಆಗುವ ನಷ್ಟ ನನಗೆ ಮುಖ್ಯ: ರಕ್ತದಲ್ಲೇ ಇದೆ ಎಂದು ನಂಬಿದ ಮೇಷ್ಟ್ರು ಆ ಮಗುವಿಗೆ ಕರಟ ಇಟ್ಟು ವೇಗ ಹಂಚಲು ಕಲಿಸುವುದಿಲ್ಲ, ಹಗುರ ದಿನ ಕೊಡುವುದಿಲ್ಲ, ರಕ್ತ ಪರೀಕ್ಷೆಗೆ ಕಳಿಸುವುದಿಲ್ಲ. ಗೆದ್ದರೆ ರಕ್ತ ಗೆದ್ದಿತು, ಸೋತರೆ ಶಿಸ್ತಿಲ್ಲ. ನನ್ನ ಪುಸ್ತಕದಲ್ಲಿ ಜಾತಿಯ ಕಲಂ ಇಲ್ಲ. ನಡೆದು ಬರುವ ದೂರದ ಕಲಂ ಇದೆ.

100 ಮೀಟರ್‌ಗೆ ಈ ಕ್ರಮ ಅಷ್ಟಾಗಿ ಹೊಂದುವುದಿಲ್ಲ, ಅದನ್ನೂ ಹೇಳಿಬಿಡಬೇಕು. ವೇಗದ ಓಟದಲ್ಲಿ ಹುಟ್ಟಿನ ಪಾಲು ದೊಡ್ಡದು, ಮೊದಲ ದಿನವೇ ಸಾಕಷ್ಟು ಕಾಣುತ್ತದೆ. ಅಲ್ಲಿ ನಾನು 20 ಮೀಟರ್ ಓಡಿಬಂದ ಮೇಲಿನ 30 ಮೀಟರ್ ಮಾತ್ರ ಅಳೆಯುತ್ತೇನೆ, ಸ್ಟಾರ್ಟ್ ಕಲಿತಿದೆಯೋ ಇಲ್ಲವೋ ಎಂಬುದು ಅಡ್ಡ ಬಾರದಿರಲಿ ಎಂದು. 100 ಮೀಟರ್ ಪೂರ್ತಿ ಅಳೆಯುವುದಾದರೆ ಸೀಟಿಯ ಸದ್ದಿಗೆ ವಾಚ್ ಒತ್ತಬೇಡಿ. ಸದ್ದು 100 ಮೀಟರ್ ಬರಲು 0.3 ಸೆಕೆಂಡು ಹಿಡಿಯುತ್ತದೆ. ಕೈ ಅಥವಾ ಹಲಗೆ ಬಡಿಯುವುದನ್ನು ಕಣ್ಣಿನಿಂದ ನೋಡಿ ಒತ್ತಿ.

ಕರಾವಳಿಯವರಿಗೆ ಸಮುದ್ರದಂಡೆ ಇದೆ. ಕಾರವಾರದ ಟ್ಯಾಗೋರ್ ಕಡಲತೀರದಂಥ ಉದ್ದನೆಯ ದಂಡೆಯಲ್ಲಿ ಇಳಿತದ ಹೊತ್ತಿಗೆ ಗಟ್ಟಿಯಾದ ಒದ್ದೆ ಮರಳು ಹಗುರ ಓಟಕ್ಕೆ ಒಳ್ಳೆಯದು. ಮಳೆಗಾಲದ ಅಬ್ಬರದಲ್ಲಿ ಮಾತ್ರ ದಂಡೆಯ ಹತ್ತಿರವೂ ಬೇಡ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಅದಕ್ಕೆ ಸರಿಯಾಗಿ ವಾರದ ದಿನ ಹೊಂದಿಸಿಕೊಳ್ಳಬೇಕು. ದಂಡೆ ನೀರಿನ ಕಡೆ ವಾಲಿರುತ್ತದೆ. ಒಂದೇ ದಿಕ್ಕಿಗೆ ಓಡಿದರೆ ಒಂದೇ ಕಾಲಿನ ಸೊಂಟ, ಮೊಣಕಾಲು ಹಿಡಿಯುತ್ತವೆ, ಆದ್ದರಿಂದ ಹೋದಷ್ಟೇ ದೂರ ಹಿಂದಕ್ಕೆ ಬನ್ನಿ. ಒಣ ಮರಳಲ್ಲಿ ಅದೇ ವೇಗಕ್ಕೆ ಸುಮಾರು 1.6 ಪಟ್ಟು ಶಕ್ತಿ ಬೇಕು. ಗುರುವಾರದ ಏರಿನ ಬದಲು 40 ಮೀಟರ್ ಎಂಟು ಸಲ ಸಾಕು. ಮರಳಿನ ಮೇಲಿನ ಸಮಯವನ್ನು ಗ್ರೌಂಡಿನ ಸಮಯದ ಜೊತೆ ಹೋಲಿಸಿ ಯಾರನ್ನೂ ಆರಿಸಬೇಡಿ.

12 ವಾರದ ನಂತರ ಮೂರನೇ ಅಳತೆ, ಅದೇ ತಂತಿ, ಅದೇ ಎರಡು ವಾಚ್. ಈಗ ಪುಟದಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಸಮಯ, ನಡಿಗೆಯ ದೂರ, ಎತ್ತರದ ಏರಿಕೆ, ಹಾಜರಿ ಇದೆ. ತಾಲೂಕಿಗೆ ಕಳಿಸುವುದು ಈ ಹೊತ್ತು ಅತಿ ಬೇಗ ಓಡುವವರನ್ನೇ, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ವರ್ಷಕ್ಕೆ ಕಟ್ಟುವ ಗುಂಪು ಬೇರೆ. ಅದಕ್ಕೆ ಎರಡನೇ ಮತ್ತು ಮೂರನೇ ಅಳತೆಯ ನಡುವೆ ಹೆಚ್ಚು ಇಳಿಸಿದವರನ್ನು ತೆಗೆದುಕೊಳ್ಳುತ್ತೇನೆ. ಸಮ ಬಂದರೆ ಕಡಿಮೆ ನಡೆದು ಬರುವವನು ಮೊದಲು, ಅವನಲ್ಲಿ ಇನ್ನೂ ತೆಗೆಯದ ಪಾಲು ಹೆಚ್ಚಿದೆ. ಇನ್ನೂ ಬೆಳೆಯದವನು ಬೆಳೆದವನಿಗಿಂತ ಮೊದಲು. ಬೆಳವಣಿಗೆಯ ಗುರುತು ಇದ್ದು ಸಮಯ ಹಿಂದೆ ಬಿದ್ದ ಮಗುವಿನ ಹೆಸರಿನ ಮುಂದೆ ಏನೂ ಬರೆಯದೆ ಪೆನ್ಸಿಲಿನಲ್ಲಿ "ಡಿಸೆಂಬರ್" ಎಂದಷ್ಟೇ ಹಾಕುತ್ತೇನೆ. ಅಷ್ಟರಲ್ಲಿ ನೆಲವೂ ಒಣಗಿರುತ್ತದೆ.